ನಾನು ಸೇರಿಸಿದ ಮಾತು

ಸಮುದ್ರ ದಾಟಿ ಬಂದಿದ್ದ ಆ ಗಂಡ ಹೆಂಡತಿ ಒಳ್ಳೆಯವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರಲಿಕ್ಕಿಲ್ಲ. ತಮ್ಮ ಧರ್ಮಸಂಸ್ಥೆಯಿಂದ ನಮ್ಮ ಶಾಲೆಗೆ ಹುಡುಗಿಯರ ಶೌಚಾಲಯ ಕಟ್ಟಿಸಿಕೊಟ್ಟಿದ್ದರು. ಅದಕ್ಕೆ ಬದಲಾಗಿ ಒಂಬತ್ತು, ಹತ್ತನೇ ತರಗತಿಗಳಿಗೆ 'ಪರಿಶುದ್ಧ ಜೀವನ' ಎಂಬ ಪಾಠ ಮಾಡುತ್ತಿದ್ದರು. ಪಾಠದ ಸಾರ ಇಷ್ಟೇ: ಮದುವೆಯವರೆಗೆ ಯಾರೂ ಯಾರನ್ನೂ ಮುಟ್ಟಬಾರದು, ದೇವರು ನೋಡುತ್ತಿರುತ್ತಾನೆ. ಅದಕ್ಕಿಂತ ಹೆಚ್ಚಿನದನ್ನು ಮಕ್ಕಳಿಗೆ ಯಾರೂ ಹೇಳುವ ಹಾಗಿಲ್ಲ. ಒಪ್ಪಂದದಂತೆ ವಿಜ್ಞಾನ ಪುಸ್ತಕದ ಹದಿಮೂರನೇ ಅಧ್ಯಾಯ, ಸಂತಾನೋತ್ಪತ್ತಿಯ ಪಾಠದ ಹಾಳೆಗಳಿಗೆ ನಾವು ಟೀಚರುಗಳೇ ಕೂತು ಗೋಂದು ಹಚ್ಚಿ ಅಂಟಿಸಿದ್ದೆವು.

ಅವರ ದೇಶದ ಎಷ್ಟೋ ಶಾಲೆಗಳು ಈ ಪಾಠ ಬೇಡವೆಂದಿದ್ದವಂತೆ. ಹೆಂಡತಿ ಚಹಾ ಕುಡಿಯುತ್ತ ಬಾಯಿ ತಪ್ಪಿ ಅಂದಿದ್ದಳು. ಅಲ್ಲಿ ಖರ್ಚಾಗದ ಸರಕನ್ನು ಇಲ್ಲಿಗೆ ತಂದಿದ್ದಾರೆ ಎಂದು ನನಗೆ ಹೊಳೆಯಿತು, ಆದರೆ ತುಟಿ ಪಿಟಕ್ಕೆನ್ನಲಿಲ್ಲ. ಶಾಲೆಯಲ್ಲಿ ಅವರ ಭಾಷೆ ಬರುತ್ತಿದ್ದದ್ದು ನನಗೊಬ್ಬಳಿಗೇ. ಅವರು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಮಕ್ಕಳಿಗೆ ಹೇಳುವುದು ನನ್ನ ಕೆಲಸ. ಹೆಡ್‌ಮಾಸ್ಟರು ನನ್ನನ್ನು 'ನಮ್ಮ ಶಾಲೆಯ ನಾಲಿಗೆ' ಎಂದು ಎಲ್ಲರೆದುರು ಹೊಗಳಿದ್ದರು. ಹೊಗಳಿದರೆ ಉಬ್ಬಿಹೋಗುವವಳು ನಾನು.

ಆ ದಿನ ಹತ್ತನೇ ತರಗತಿಯ ಸರದಿ. ಮೂರನೇ ಬೆಂಚಿನಲ್ಲಿ ನನ್ನ ಮಗಳೂ ಇದ್ದಳು. ಮನೆಯಲ್ಲಿ ಅವಳನ್ನು ವಟವಟ ಎಂದು ಕರೆಯುತ್ತೇವೆ. ಹಲ್ಲುಜ್ಜುವಾಗ ಶುರುವಾದ ಮಾತು ದಿಂಬಿಗೆ ತಲೆ ಕೊಟ್ಟ ಮೇಲೂ ನಿಲ್ಲುತ್ತಿರಲಿಲ್ಲ. ಒಂದು ತಿಂಗಳಿಂದ ಮಾತು ಕಮ್ಮಿಯಾಗಿತ್ತು. ಪರೀಕ್ಷೆ ಹತ್ತಿರ ಬಂತಲ್ಲ, ಅಂತೂ ಬುದ್ಧಿ ಬಂತು ಎಂದು ನಾನು ನೆಮ್ಮದಿಯಾಗಿದ್ದೆ. ಎಂಥ ತಾಯಿ ನೋಡಿ.

ನಮ್ಮ ಅತಿಥಿ, ಆ ಗಂಡ, ಒಂದು ಹೊಸ ಸೋಪನ್ನು ಕಾಗದ ಬಿಚ್ಚಿ, ನೀರಿನ ಬೋಗುಣಿಯ ಜೊತೆ ಮೊದಲ ಬೆಂಚಿಗೆ ಕೊಟ್ಟರು. ಒಬ್ಬೊಬ್ಬರೂ ಕೈ ತೊಳೆದು ಮುಂದಿನವರಿಗೆ ದಾಟಿಸಬೇಕು. ಕೊನೆಯ ಬೆಂಚು ಮುಟ್ಟುವಷ್ಟರಲ್ಲಿ ಸೋಪು ಲೊಳಲೊಳ ಎನ್ನುವ ಮುದ್ದೆಯಾಗಿತ್ತು. "ಇದನ್ನು ಈಗ ಯಾರು ಕೊಂಡುಕೊಳ್ಳುತ್ತಾರೆ?" ಎಂದು ಅವರು ಕೇಳಿದರು. ನಾನೂ ಅದೇ ದನಿಯಲ್ಲಿ ಕೇಳಿದೆ.

ವಟವಟ ಎದ್ದು ನಿಂತಳು. "ಮಿಸ್, ಸವೆದ್ರೆ ಏನಾಯ್ತು? ಸೋಪು ಇರೋದೇ ಸವೆಯೋಕಲ್ವಾ? ನಮ್ಮೆಲ್ಲರ ಕೈ ಚೊಕ್ಕ ಆಯ್ತಲ್ಲ!"

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅವಳು ಮಾತ್ರ ನಗಲಿಲ್ಲ.

"ನಿಜವಾಗ್ಲೂ ಕೇಳ್ತಿದೀನಿ ಮಿಸ್. ಒಂದ್ಸಲ ತಪ್ಪಾದ್ರೆ ಮುಗೀತಾ? ಆಮೇಲೆ ಏನೂ ಮಾಡೋಕಾಗಲ್ವಾ?"

ನಾನು ಅದನ್ನು ಅತಿಥಿಗೆ ದಾಟಿಸಿದೆ. ಅವರು ತಲೆಯಾಡಿಸಿ, ದೇವರಿಗೆ ನೋವಾಗುತ್ತದೆ, ಪ್ರಾರ್ಥನೆ ಮಾಡಬೇಕು ಎಂದರು. ಅವರು ಹೇಳಿದ್ದು ಇಷ್ಟೇ. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಡೆದೇ ಇತ್ತು, ಬಾಗಿಲಲ್ಲಿ ಹೆಡ್‌ಮಾಸ್ಟರು ಹುಬ್ಬು ಗಂಟಿಕ್ಕಿ ನಿಂತಿದ್ದರು. ನನ್ನ ಮಗಳೇ ನನ್ನ ಮಾನ ಕಳೆಯುತ್ತಿದ್ದಾಳೆ ಎಂದು ನನಗೆ ಮೈಯೆಲ್ಲ ಉರಿಯಿತು. ಅವರ ಮಾತು ಹೇಳಿ ಮುಗಿಸಿ, ಅದರ ಬಾಲಕ್ಕೆ ನನ್ನದೊಂದು ಸೇರಿಸಿದೆ.

"ನನ್ನ ಹೊಟ್ಟೇಲಿ ಹುಟ್ಟಿದವಳೇ ಹಾಗೆ ಮಾಡಿದ್ರೂ ಅಷ್ಟೇ. ಅವಳು ನನ್ನ ಪಾಲಿಗೆ ಸತ್ತ ಹಾಗೆ."

ತರಗತಿ ಗಪ್‌ಚಿಪ್ಪಾಯಿತು. ವಟವಟ ಕೂತಳು. ಏನು ಹೇಳಿದಿರಿ, ಮಕ್ಕಳು ಇಷ್ಟು ಗಂಭೀರವಾಗಿಬಿಟ್ಟರಲ್ಲ ಎಂದು ಅತಿಥಿ ಕೇಳಿದರು. ನೀವು ಹೇಳಿದ್ದನ್ನೇ, ಎಂದೆ. ಅವರು ಖುಷಿಯಿಂದ ನನ್ನ ಕೈ ಕುಲುಕಿದರು.

ಪಾಠ ಮುಗಿದ ಮೇಲೆ, ಮದುವೆಯವರೆಗೆ ಪರಿಶುದ್ಧವಾಗಿರುತ್ತೇನೆ ಎಂದು ಮಕ್ಕಳು ತುಂಬಿಕೊಟ್ಟ ಪ್ರತಿಜ್ಞೆಯ ಕಾರ್ಡುಗಳು ಸ್ಟಾಫ್ ರೂಮಿಗೆ ಬಂದವು. ಹೆಸರು, ತರಗತಿ, ಕೆಳಗೆ ಸಹಿ. ಅತಿಥಿಯ ಹೆಂಡತಿ ಅವುಗಳ ಫೋಟೋ ತೆಗೆದು ತನ್ನ ಊರಿನ ಭಕ್ತರಿಗೆ ಕಳಿಸಬೇಕಿತ್ತು, ನಾನು ಜೋಡಿಸಿ ಕೊಡುತ್ತಿದ್ದೆ. ನನ್ನ ಮಗಳ ಕಾರ್ಡಿನಲ್ಲಿ ಹೆಸರಿತ್ತು, ಸಹಿ ಇರಲಿಲ್ಲ. ಸಹಿಯ ಜಾಗದಲ್ಲಿ ಪೆನ್ನಿನ ಮೊನೆ ಒತ್ತಿ ಒತ್ತಿ ಕಾಗದ ತೂತಾಗಿತ್ತು.

ಒಂದು ತಿಂಗಳ ಮೌನ, ಎರಡು ದಿನದಿಂದ ಮುಟ್ಟದ ತಟ್ಟೆ, ಬಚ್ಚಲಿನಲ್ಲಿ ಅರ್ಧ ಗಂಟೆ ಬಿಟ್ಟ ನಲ್ಲಿ, ಎಲ್ಲವೂ ಒಟ್ಟಿಗೆ ತಲೆಗೆ ಬಂದವು. ಹುಚ್ಚಿ, ಇಲ್ಲದ್ದನ್ನೆಲ್ಲ ಕಲ್ಪಿಸಿಕೊಳ್ಳಬೇಡ ಎಂದು ನನ್ನನ್ನೇ ಬೈದುಕೊಂಡು ಕಾರ್ಡನ್ನು ಪರ್ಸಿಗೆ ತುರುಕಿದೆ.

ಮುಂದಿನ ಪೀರಿಯಡ್ಡು ಒಂಬತ್ತನೇ ತರಗತಿ. ಮತ್ತೆ ಹೊಸ ಸೋಪು. ಅರ್ಧ ಪಾಠವಾಗಿತ್ತು, ಆಯಾ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದಳು. ಹೆಡ್‌ಮಾಸ್ಟರು ನನ್ನತ್ತ ಕಣ್ಣು ಬಿಟ್ಟರು. ಇರು, ಎಂದು ನಾನು ಅವಳಿಗೆ ಕೈ ತೋರಿಸಿದೆ. ಅತಿಥಿಯ ತುಟಿ ಅಲ್ಲಾಡುತ್ತಿತ್ತು, ನನ್ನ ಬಾಯಿಯೂ ಏನೋ ಆಡುತ್ತಿತ್ತು. ಎರಡನೇ ಸಲ ಅವಳು ಕಾಯಲಿಲ್ಲ, ನೇರ ಒಳಗೆ ಬಂದು ನನ್ನ ಮೊಣಕೈ ಹಿಡಿದಳು.

"ಮಿಸ್, ಸುಮ್ನೆ ಬನ್ನಿ. ನಿಮ್ಮ ಹುಡುಗಿ ಟಾಯ್ಲೆಟ್ಟಲ್ಲಿ ಬಿದ್ದಿದಾಳೆ."

ಮೆಟ್ಟಿಲು ಇಳಿದದ್ದು ನನಗೆ ನೆನಪಿಲ್ಲ. ಹೊಸ ನೀಲಿ ಟೈಲಿನ ಮೇಲೆ ವಟವಟ ಗೋಡೆಗೆ ಒರಗಿ ಕೂತಿದ್ದಳು. ಸುಣ್ಣದಂಥ ಮುಖ. ಸ್ಕರ್ಟು ಒದ್ದೆಯಾಗಿತ್ತು, ನೀರಿನಿಂದಲ್ಲ. ನನ್ನನ್ನು ಕಂಡು ಅವಳು ಹಿಂದಕ್ಕೆ ಸರಿಯಲು ನೋಡಿದಳು. ಅವಳಿಗೆ ಅಲ್ಲಿ ಹಿಂದೆ ಜಾಗವೇ ಇರಲಿಲ್ಲ.

"ಏನಿಲ್ಲಮ್ಮ. ಪೀರಿಯಡ್ಸು ಅಷ್ಟೇ. ಏನಿಲ್ಲ."

ಹಿಂದಿನ ಗೇಟಿನಿಂದ ಕರಕೊಂಡು ಹೋಗಿ, ಅತಿಥಿಗಳಿದ್ದಾರೆ, ಎಂದು ಹೆಡ್‌ಮಾಸ್ಟರು ಹೇಳಿ ಕಳಿಸಿದರು. ನಾನು ಮುಂದಿನ ಗೇಟಿನಿಂದಲೇ ಹೋದೆ. ಆಯಾ ಅವಳ ಕಾಲುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಾಡಿಗೆ ಕಾರಿನಲ್ಲಿ ಕೂತಳು, ತಲೆ ನನ್ನ ತೊಡೆಯ ಮೇಲಿತ್ತು. ಯಾರು, ಯಾವಾಗ, ಎಲ್ಲಿ ಎಂದು ನಾನು ಕೇಳಲಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೆ.

ತುರ್ತು ವಿಭಾಗದ ಡಾಕ್ಟರು ನನಗಿಂತ ಚಿಕ್ಕವಳು, ಸಿಡುಕು ಮುಖದ ಹೆಂಗಸು. ಹೊಟ್ಟೆ ಒತ್ತಿ ನೋಡಿದಳು, ರಕ್ತದ ಒತ್ತಡ ನೋಡಿದಳು, ನರ್ಸಿಗೆ ಏನೋ ಗಡಿಬಿಡಿಯಲ್ಲಿ ಹೇಳಿದಳು. ಆಮೇಲೆ ಬಗ್ಗಿ ಕೇಳಿದಳು.

"ಎಷ್ಟು ತಿಂಗಳು? ಮಾತ್ರೆ ತಗೊಂಡಿದೀಯಲ್ಲ, ಯಾವುದು? ಎಷ್ಟು? ಯಾರು ಕೊಟ್ಟಿದ್ದು? ಬೇಗ ಹೇಳು ಮರಿ, ಅದು ಗೊತ್ತಾಗದೆ ನಾನು ಔಷಧಿ ಕೊಡೋ ಹಾಗಿಲ್ಲ."

ವಟವಟ ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ಕಣ್ಣಿನಲ್ಲಿದ್ದ ಭಯ ಸಾಯುವ ಭಯವಲ್ಲ, ನನ್ನ ಭಯ.

"ಏನೂ ತಗೊಂಡಿಲ್ಲ," ಎಂದಳು.

"ಹೇಳೇ ನನ್ನವ್ವ, ಹೇಳು," ಎಂದು ನಾನು ಅವಳ ಗಲ್ಲ ಹಿಡಿದೆ.

"ಏನೂ ಇಲ್ಲಮ್ಮ. ನಾನು ಏನೂ ಮಾಡಿಲ್ಲ."

ಅವಳ ತುಟಿ ಬಿಳಿಚಿಕೊಳ್ಳುತ್ತಿತ್ತು. ಡಾಕ್ಟರು ನೆಟ್ಟಗೆ ನಿಂತು ನನ್ನತ್ತ ತಿರುಗಿದಳು.

"ನೀವು ಹೊರಗೆ ಹೋಗಿ."

"ನಾನು ತಾಯಿ."

"ಅದಕ್ಕೇ ಹೇಳ್ತಿರೋದು. ನೀವಿದ್ರೆ ಬಾಯಿ ಬಿಡಲ್ಲ. ನನಗೆ ಟೈಮಿಲ್ಲ."

ಹೋದೆ. ಪರದೆ ಎಳೆದ ಸದ್ದಾಯಿತು. ಕಾರಿಡಾರಿನ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ದನಿ ಕೇಳಿಸಿತು. ಮೊದಲು ತೊದಲುತ್ತ, ಆಮೇಲೆ ಒಂದೇ ಸಮನೆ. ತಿಂಗಳಿನಿಂದ ನನಗೆ ಹೇಳದ್ದನ್ನೆಲ್ಲ ನನ್ನ ವಟವಟ ಗುರುತಿಲ್ಲದ ಹೆಂಗಸಿಗೆ ಹೇಳುತ್ತಿದ್ದಳು. ಮಾತು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ಅವಳು ಮಾತಾಡುತ್ತಿದ್ದಾಳೆ, ಹಾಗಾದರೆ ಉಸಿರಿದೆ ಎಂದುಕೊಂಡು ನಿಂತಿದ್ದೆ.

ದನಿ ನಿಂತಿತು. ನಾನು ಪರದೆಯ ಹತ್ತಿರ ಹೋದೆ. ಜನ ಓಡಾಡಿದರು, ಯಾರೋ ರಕ್ತದ ಚೀಲ ಹಿಡಿದುಕೊಂಡು ಒಳಗೆ ಹೋದರು. ಎಷ್ಟೋ ಹೊತ್ತಾದ ಮೇಲೆ ನರ್ಸು ಹೊರಗೆ ಬಂದಳು.

"ಆಪರೇಷನ್ನಿಗೆ ಕರಕೊಂಡು ಹೋಗ್ತಿದೀವಿ. ಈಗ್ಲೇ ಏನೂ ಹೇಳೋಕಾಗಲ್ಲ. ಅಮ್ಮ ಹೊರಟುಹೋದ್ರಾ ಅಂತ ಕೇಳ್ತಿದಾಳೆ."

"ಇಲ್ಲ ಅನ್ನಿ. ಇಲ್ಲೇ ಇದೀನಿ ಅನ್ನಿ. ಏನೇ ಆಗಿರ್ಲಿ ಅವಳು ನನ್ನ ಮಗಳು, ನನಗೆ ಅವಳು ಬೇಕು ಅಂತ ಹೇಳಿ. ಹೀಗೇ ಹೇಳಿ."

ನರ್ಸು ಒಳಗೆ ಹೋದಳು. ಒಂದು ನಿಮಿಷವೂ ಆಗಿರಲಿಲ್ಲ, ಮತ್ತೆ ಬಂದಳು. ನನ್ನ ಮುಖ ನೋಡಲು ಅವಳಿಗೆ ಸಂಕೋಚವಾದಂತಿತ್ತು.

"ಹೇಳ್ದೆ. ಅದು ನಿಜವಾಗ್ಲೂ ನೀವೇ ಹೇಳಿದ್ದಾ, ಇಲ್ಲ ಸಮಾಧಾನಕ್ಕೆ ನಾನು ಸೇರಿಸಿದ್ದಾ ಅಂತ ಕೇಳ್ತಿದಾಳೆ."