ಬರೆಯ ಮೇಲೆ ಬರೆ

ಆ ಕಣಿವೆಗೆ ಇದ್ದದ್ದು ಒಂದೇ ದಾರಿ. ಎರಡು ಬಂಡೆಗಳ ಸಂದಿಯಲ್ಲಿ ಹೇಸರಗತ್ತೆಯೊಂದು ಹೊಟ್ಟೆ ಉಜ್ಜಿಕೊಂಡು ದಾಟುವಷ್ಟು ಅಗಲ. ಅಜ್ಜಂದಿರ ಕಾಲದಲ್ಲಿ ಪೊಲೀಸರ ಕೈಗೆ ಸಿಗದೆ ಓಡಿಬಂದ ಒಂದಷ್ಟು ಜನ ಅಲ್ಲಿ ಮನೆ ಕಟ್ಟಿಕೊಂಡರು, ಊರಾಯಿತು. ಹಳೆಯ ಹೆಸರು ಕೇಳುವುದು ಅಲ್ಲಿ ಮರ್ಯಾದೆಯಲ್ಲ. ಊರಿಗೆಲ್ಲ ಕಸುಬು ಒಂದೇ: ಕೆಳಗಿನ ಪೇಟೆಗಳಿಂದ ಕುದುರೆ, ಹೇಸರಗತ್ತೆ ಕದ್ದು ತಂದು, ಮೈಮೇಲಿನ ಒಡೆಯನ ಗುರುತು ಕೆಡಿಸಿ, ಬೆಟ್ಟದ ಆಚೆ ಮಾರುವುದು.

ಗುರುತು ಕೆಡಿಸುವುದು ಕಮ್ಮಾರನ ಕೆಲಸ. ಹಳೆಯ ಬರೆಯ ಮೇಲೆ ಹೊಸ ಬರೆ ಎಳೆಯಬೇಕು, ಅಷ್ಟೇ. ಅವನ ಕೈ ನಡುಗತೊಡಗಿದ ಮೇಲೆ ಮಗಳು ಇಕ್ಕಳ ಹಿಡಿದಳು. ಬೇಕೆಂದು ಹಿಡಿದದ್ದಲ್ಲ; ಬೇರೆ ಯಾರೂ ಇರಲಿಲ್ಲ. ಅವಳ ಮದುವೆಯ ಮಾತು ಎದ್ದಾಗಲೆಲ್ಲ ಚಿಕ್ಕಪ್ಪ "ಈ ಸಲದ ಮಾಲು ಮುಗೀಲಿ" ಅನ್ನುತ್ತಿದ್ದ. ಮಾಲು ಮುಗಿಯಲಿಲ್ಲ, ಪ್ರಾಯ ಮುಗಿಯಿತು. ಸುಟ್ಟ ಕೂದಲಿನ ವಾಸನೆ ಎಷ್ಟು ಒಗೆದರೂ ಅವಳ ಬಟ್ಟೆ ಬಿಡುತ್ತಿರಲಿಲ್ಲ.

ಚಿಕ್ಕಪ್ಪನೇ ಊರಿನ ಯಜಮಾನ. ಒಂದು ಕಾಲದಲ್ಲಿ ಅವನು ಕುದುರೆ ಹತ್ತಿದರೆ ಪೊಲೀಸರಿಗೆ ಸಿಗುತ್ತಿದ್ದದ್ದು ಧೂಳು ಮಾತ್ರ. ಅದಕ್ಕೇ 'ಗಾಳಿ' ಎಂದು ಹೆಸರು ಬಿದ್ದಿತ್ತು. ಈಗ ಗಾಳಿಗೆ ಮಂಡಿನೋವು. ಜಗಲಿ ಇಳಿಯಲೂ ಗೋಡೆ ಹಿಡಿಯಬೇಕು.

ಒಂದು ಬೆಳಿಗ್ಗೆ ಅವನ ಆಳುಗಳು ಬೂದು ಬಣ್ಣದ ಹೇಸರಗತ್ತೆಯೊಂದನ್ನು ತಂದು ಕುಲುಮೆಯ ಮುಂದೆ ಕಟ್ಟಿದರು. ಕಮ್ಮಾರನ ಮಗಳು ತಿದಿ ಒತ್ತಿ ಕಬ್ಬಿಣ ಕಾಯಲಿಟ್ಟಳು. ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಮುದುಕಿ ಬಂದು ನಿಂತಳು. ಕಾಲಿಗೆ ಹರಿದ ಬಟ್ಟೆ ಸುತ್ತಿತ್ತು. ಹೊರೆ ಹೊತ್ತು ಹೊತ್ತು ಭುಜ ಒಂದು ಕಡೆಗೆ ವಾಲಿತ್ತು. ಯಾರದೋ ಮನೆಯ ಅಜ್ಜಿ ಇರಬೇಕೆಂದು ಬಂಡೆಯ ಸಂದಿಯ ಕಾವಲಿನವನು ಒಳಗೆ ಬಿಟ್ಟಿದ್ದ.

"ಒಂಚೂರು ನೀರು ಕೊಡಮ್ಮ."

ಕುಡಿದು ಚೊಂಬು ಕೆಳಗಿಡುವ ಮೊದಲೇ ಹೇಸರಗತ್ತೆ ಅವಳ ಹೆಗಲಿಗೆ ಮೂತಿ ಒರಗಿಸಿತು.

"ಇದು ನಂದು," ಎಂದಳು ಮುದುಕಿ. ಕೂಗಲಿಲ್ಲ, ಅಳಲಿಲ್ಲ. "ಲದ್ದಿ ನೋಡ್ಕೊಂಡು ನೋಡ್ಕೊಂಡು ಬಂದೆ."

"ಇದು ಎಂಥ ಜಾಗ ಗೊತ್ತಾ ಅಜ್ಜಿ? ಇಲ್ಲಿಗೆ ಬಂದವರನ್ನ ವಾಪಸ್ ಬಿಡಲ್ಲ."

"ಬಿಡದಿದ್ರೆ ಇಲ್ಲೇ ಎಲ್ಲಾದ್ರೂ ಬಿದ್ಕೋತೀನಿ. ಇದಿಲ್ದೆ ಹೋದ್ರೆ ನಾಳೆಯಿಂದ ಮೂಟೆಯೆಲ್ಲ ನನ್ನ ಬೆನ್ನ ಮೇಲೇ. ಅದಕ್ಕಿಂತ ಇದೇ ವಾಸಿ."

ಕಬ್ಬಿಣ ಕೆಂಪಾಗಿತ್ತು. ಇಕ್ಕಳದಲ್ಲಿ ಎತ್ತಿದಾಗ ಮಗಳ ಮೊಣಕೈಯಿಂದ ಭುಜದವರೆಗೆ ಒಂದು ಜೋಮು ಹತ್ತಿತು. ಅವಳು ಕಬ್ಬಿಣವನ್ನು ತೊಟ್ಟಿಯ ನೀರಿಗೆ ಅದ್ದಿ, ಹೊರಗೆ ಹೋಗಿ ಹಗ್ಗ ಬಿಚ್ಚತೊಡಗಿದಳು.

ಸುದ್ದಿ ತಿಳಿದು ಚಿಕ್ಕಪ್ಪ ಗೋಡೆ ಹಿಡಿದುಕೊಂಡು ಬಂದ. ಹಿಂದೆ ಒಬ್ಬ ಆಳು.

"ಏನೇ ಇದು? ತಲೆ ಕೆಟ್ಟಿದೆಯಾ?"

"ಕೈ ಸೋತಿದೆ ಚಿಕ್ಕಪ್ಪ. ಇನ್ನು ನನ್ನ ಕೈಲಾಗಲ್ಲ. ಬೇಕಾದ್ರೆ ನೀನೇ ಬರೆ ಹಾಕು." ಅವಳು ಇಕ್ಕಳ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ಈ ಮುದುಕಿ ಕೆಳಗೆ ಹೋಗಿ ಬಾಯಿ ಬಿಟ್ರೆ ಊರೇ ಮುಳುಗುತ್ತೆ."

ಮೂಲೆಯಲ್ಲಿ ಕೂತಿದ್ದ ಕಮ್ಮಾರ ತಮ್ಮನ ಕಡೆ ತಿರುಗಿಯೂ ನೋಡದೆ ಹೇಳಿದ: "ಮುಳುಗಲಿ ಬಿಡೋ. ಎಷ್ಟು ವರ್ಷ ಅಂತ ಈಜೋದು?"

ಆಳು ಸೊಂಟದ ಚಾಕುವಿಗೆ ಕೈ ಹಾಕಿದ. "ಕೈ ತೆಗಿಯೋ," ಎಂದು ಗದರಿ, ಚಿಕ್ಕಪ್ಪ ಮರದ ದಿಮ್ಮಿಯ ಮೇಲೆ ಕುಕ್ಕರಿಸಿದ. "ಯಾರಿಗೂ ಹೇಳಲ್ಲ ಅಂತ ಆಣೆ ಇಡಜ್ಜಿ."

"ಕಳ್ಳರಿಗೆ ಆಣೆ ಬೇರೆ ಕೇಡು!" ಎಂದಳು ಮುದುಕಿ.

ಅವನಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮುತ್ತಲೇ ಹೋಗು ಎಂದು ಕೈಬೀಸಿದ. ಕಮ್ಮಾರನ ಮಗಳೇ ಮುದುಕಿಯನ್ನೂ ಹೇಸರಗತ್ತೆಯನ್ನೂ ಬಂಡೆಗಳವರೆಗೆ ಬಿಟ್ಟು ಬಂದಳು.

ತಿಂಗಳು ತುಂಬುವ ಮೊದಲೇ ಪೊಲೀಸರು ಒಬ್ಬರ ಹಿಂದೊಬ್ಬರು ಆ ಸಂದಿಯಿಂದ ನುಸುಳಿ ಬಂದರು. ಕಾಲಲ್ಲಿ ಶಕ್ತಿಯಿದ್ದವರು ಬೆಟ್ಟ ಹತ್ತಿ ಓಡಿದರು. ಚಿಕ್ಕಪ್ಪ ಏಳಲಿಲ್ಲ. "ಉಪ್ಪು ತಿಂದವನು ನೀರು ಕುಡೀಬೇಕಲ್ಲ," ಎಂದು ಚಪ್ಪಲಿ ಹುಡುಕಿದ. ನಡೆಯಲಾಗದು, ಒಂದು ಕುದುರೆ ಕೊಡಿ ಎಂದು ಕೇಳಿದ.

"ಇಲ್ಲಿರೋದ್ರಲ್ಲಿ ಯಾರ ಕುದುರೆ ಕೊಡ್ಲಿ?" ಎಂದ ಇನ್ಸ್‌ಪೆಕ್ಟರ್. ಕೊನೆಗೆ ಇಬ್ಬರು ಪೇದೆಗಳು ಸರದಿಯ ಮೇಲೆ ಅವನನ್ನು ಹೊತ್ತು ಇಳಿಸಿದರು.

ಹೇಳಿದ್ದು ಮುದುಕಿಯೇ ಎಂದು ಊರವರು ಶಪಿಸಿದರು. ಮಗಳು ಶಪಿಸಲಿಲ್ಲ. ತಾನಾದರೂ ಹೇಳುತ್ತಿದ್ದೆ ಅನ್ನಿಸಿತು ಅವಳಿಗೆ. ನಡುಗುವ ಕೈ ನೋಡಿ ಪೊಲೀಸರು ಕಮ್ಮಾರನನ್ನು ಬಿಟ್ಟರು. ಪಕ್ಕದ ಮನೆಯವರು ಅವನಿಗೆ ಊಟ ಹಾಕಲು ಒಪ್ಪಿದರು. ಬರೆ ಎಳೆದ ಕೈ ಅವಳದಾದ್ದರಿಂದ ಅವಳಿಗೆ ಜೈಲಾಯಿತು.

ಜೈಲಿನಲ್ಲಿ ಮೊದಮೊದಲು ಅವಳು ನಿದ್ದೆಯನ್ನೇ ಮಾಡಿದಳು. ಊಟಕ್ಕೆ ಎಬ್ಬಿಸಿದರೆ ಎದ್ದು ಉಂಡು ಮತ್ತೆ ಮಲಗುವಳು. ಕಾವಲಿನ ಹೆಂಗಸಿಗೆ ಗಾಬರಿಯಾಯಿತು.

"ಏನಮ್ಮಾ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ ಅಕ್ಕ," ಎಂದಳು ಅವಳು. "ಕೆಲಸ ಇಲ್ವಲ್ಲ." ಮಗ್ಗುಲು ಬದಲಿಸಿ ಹೊದಿಕೆ ಎಳೆದುಕೊಂಡಳು.