ಎಡಗೈಗೆ ಬದಲು ಒಂದು ಮೊಳೆ ಗನ್ನು

ಹೊಸಹೊಳಲಿನ ಬಡಗಿ ನಾಗರಾಜನ ಎಡಗೈಯಲ್ಲಿ ಸ್ಪರ್ಶ ಹೋಗಿತ್ತು. ಬೆರಳು ಮಡಿಸಬಹುದಿತ್ತು, ಲೋಟ ಎತ್ತಬಹುದಿತ್ತು. ಆದರೆ ಲೋಟ ಬಿಸಿಯೋ ತಣ್ಣಗೋ, ಕೈಯಲ್ಲಿದೆಯೋ ಜಾರಿತೋ ಎಂಬುದನ್ನು ಅವನು ಕಣ್ಣಲ್ಲಿ ನೋಡಿಯೇ ತಿಳಿಯಬೇಕಿತ್ತು.

ಕಬ್ಬು ಕಡಿಯುವ ಕಾಲದಲ್ಲಿ ಒಂದು ಸಂಜೆ, ಪಾಂಡವಪುರದ ಕಡೆಯಿಂದ ಬರುವಾಗ, ದೀಪವಿಲ್ಲದೆ ರಸ್ತೆಯಲ್ಲೇ ನಿಂತಿದ್ದ ಕಬ್ಬಿನ ಟ್ರೇಲರಿಗೆ ಅಣ್ಣತಮ್ಮಂದಿರ ಬೈಕು ಗುದ್ದಿತ್ತು. ಬೈಕು ಓಡಿಸುತ್ತಿದ್ದವನು ತಮ್ಮ ಮೋಹನ್ ಕುಮಾರ್. ಅವನ ಪ್ರಾಣ ಅಲ್ಲೇ ಹೋಯಿತೆಂದು ಊರಿನವರೆಲ್ಲ ಹೇಳಿದರು. ಹಿಂದೆ ಕೂತಿದ್ದ ನಾಗರಾಜನಿಗೆ ಎಡಭುಜದ ನರ ಎಳೆದುಹೋಯಿತು. ಅದು ಕೂಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ, ಕಾಯಬೇಕು ಎಂದರು ಮೈಸೂರಿನ ಡಾಕ್ಟರು.

ನಾಗರಾಜ ಅಳಲಿಲ್ಲ. ತಮ್ಮನನ್ನು ಮಣ್ಣು ಮಾಡಿದಾಗಲೂ ಅಳಲಿಲ್ಲ, ತಿಥಿಯಲ್ಲೂ ಅಳಲಿಲ್ಲ. ಬೆಳಿಗ್ಗೆ ಎದ್ದು ಕೆಲಸದ ಚಪ್ಪರದ ಕೆಳಗೆ ಕೂರುವನು, ಊಟಕ್ಕೆ ಕರೆದರೆ ಏಳುವನು. ತಮ್ಮನ ಹೆಂಡತಿ ಹರ್ಷಿತಳೂ ಹಾಗೇ ಇದ್ದಳು. ತವರಿನವರು ಬಂದು ಕರೆದರೆ ಆಮೇಲೆ ನೋಡೋಣ ಎಂದು ಕಳಿಸಿದಳು. ತಾಯಿ ಪುಟ್ಟಲಕ್ಷ್ಮಮ್ಮ ಇಬ್ಬರಿಗೂ ತಟ್ಟೆ ಹಾಕಿ ಬಡಿಸುವಳು. ಇಬ್ಬರೂ ತಿಂದು ಏಳುವರು.

ಅಕ್ಕಿಹೆಬ್ಬಾಳಿನ ಜವರಯ್ಯ ಹೊಸದಾಗಿ ರೇಷ್ಮೆ ಹುಳು ಮನೆ ಕಟ್ಟಿಸಿದ್ದರು. ಅಲ್ಲಿ ಹುಳುವಿನ ತಟ್ಟೆ ಇಡುವ ಮರದ ಸ್ಟ್ಯಾಂಡುಗಳ ಕೆಲಸವನ್ನು ಅಪಘಾತಕ್ಕೆ ಮೊದಲೇ ಅಣ್ಣತಮ್ಮಂದಿರು ಒಪ್ಪಿಕೊಂಡಿದ್ದರು. ಸಾವಿನ ಮನೆಯೆಂದು ಜವರಯ್ಯ ಇಷ್ಟು ದಿನ ಕಾದಿದ್ದರು. ಕೊನೆಗೆ ಅವರೇ ಬಂದು, ಆಗದಿದ್ದರೆ ಹೇಳಿಬಿಡಪ್ಪ, ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮೆತ್ತಗೆ ಹೇಳಿ ಹೋದರು.

ಮಾರನೆಯ ದಿನ ನಾಗರಾಜ ಮರದ ಉದ್ದ ಪಟ್ಟಿಗಳಾದ ರೀಪರುಗಳನ್ನು ಜೋಡಿಸಿ ಸುತ್ತಿಗೆ ಹಿಡಿದ. ಮೊದಲೆಲ್ಲ ತಮ್ಮನು ರೀಪರು ಹಿಡಿದರೆ ಇವನು ಮೊಳೆ ಹೊಡೆಯುತ್ತಿದ್ದ. ಈಗ ಎಡಗೈ ಬೆರಳಲ್ಲಿ ಮೊಳೆ ನಿಲ್ಲಿಸಿ ಸುತ್ತಿಗೆ ಎತ್ತುವಷ್ಟರಲ್ಲಿ ಮೊಳೆ ಜಾರಿ ನೆಲಕ್ಕೆ ಬಿದ್ದಿರುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹರ್ಷಿತ, ಬ್ಯಾಟರಿ ಹಾಕುವ ಮೊಳೆ ಗನ್ನು ಬಂದಿದೆಯಂತೆ, ಅದಕ್ಕೆ ಒಂದು ಕೈ ಸಾಕಂತೆ, ಹೋಗಿ ನೋಡೋಣ ಎಂದಳು. ಮದುವೆಯಾದಂದಿನಿಂದ ಉಪ್ಪುಕಾಗದ ಉಜ್ಜುವುದು, ಪಾಲಿಶ್ ಹಚ್ಚುವುದು ಅವಳದೇ ಕೆಲಸವಾಗಿತ್ತು. ನಾಗರಾಜ ಹೂಂ ಎಂದ. ಬೇಡ ಎನ್ನುವುದಕ್ಕೂ ಅವನಿಗೆ ಮನಸ್ಸಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಹೆದ್ದಾರಿಯ ಪಕ್ಕದ ಬಡಗಿ ಸಾಮಾನಿನ ಅಂಗಡಿಗೆ ಇಬ್ಬರೂ ಬಸ್ಸಿನಲ್ಲಿ ಹೋದರು. ಅಂಗಡಿಯ ಅಫ್ಸರ್ ಸಾಹೇಬರು ಎರಡು ಗನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದಕ್ಕೆ ಬ್ಯಾಟರಿಯ ಜೊತೆ ಗ್ಯಾಸಿನ ಡಬ್ಬಿಯೂ ಬೇಕು; ಹಗುರ, ಏಟು ಜೋರು, ಆದರೆ ಡಬ್ಬಿ ಮುಗಿದರೆ ಮೈಸೂರಿಗೇ ಹೋಗಬೇಕು. ಇನ್ನೊಂದಕ್ಕೆ ಬ್ಯಾಟರಿಯೊಂದೇ ಸಾಕು. ಸ್ವಲ್ಪ ಭಾರ, ಒಂದು ಮೊಳೆ ಹೋದ ಮೇಲೆ ಇನ್ನೊಂದಕ್ಕೆ ಕ್ಷಣ ಕಾಯಬೇಕು. ಮೂತಿಯನ್ನು ಮರಕ್ಕೆ ಒತ್ತದೆ ಯಾವುದೂ ಮೊಳೆ ಬಿಡುವುದಿಲ್ಲ ಎಂದು ಅವರು ಒತ್ತಿ ತೋರಿಸಿದರು.

ನಾಗರಾಜ ಗ್ಯಾಸಿನದನ್ನು ಬಲಗೈಗೆ ತೆಗೆದುಕೊಂಡ. ಸಿಲ್ವರ್ ಓಕ್ ಮರದ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಅಲುಗಾಡದಂತೆ ಎಡಗೈಯಲ್ಲಿ ಅದುಮಿ, ಗನ್ನಿನ ಕುದುರೆ ಎಳೆದ. ಟಪ್ಪೆಂದಿತು. ಮತ್ತೊಂದು ಹೊಡೆದ.

“ಚೆನ್ನಾಗಿ ಕೂತ್ಕತದೆ,” ಎಂದ.

ಅಫ್ಸರ್ ಸಾಹೇಬರು ತಲೆಯಾಡಿಸಿ ಅದರ ವಾರಂಟಿಯ ವಿಷಯ ಹೇಳತೊಡಗಿದರು. ಹರ್ಷಿತ ಮಾತ್ರ ಮರದ ತುಂಡನ್ನೇ ನೋಡುತ್ತಿದ್ದಳು. ಅದರ ಪಕ್ಕದಿಂದ ರಕ್ತ ಇಳಿದು ಮೇಜಿನ ಮೇಲೆ ಹರಡುತ್ತಿತ್ತು. ಎರಡನೆಯ ಮೊಳೆ ಮರದ ಗಂಟಿಗೆ ತಾಗಿ ಬಾಗಿ, ಪಕ್ಕದಿಂದ ಹೊರಬಂದು, ಅವನ ಎಡಗೈಯ ಉಂಗುರ ಬೆರಳಿಗೆ ಹೊಕ್ಕಿತ್ತು. ಅವನು ಇನ್ನೂ ಮರವನ್ನು ಅದುಮಿಕೊಂಡೇ ಇದ್ದ.

“ಭಾವ, ಕೈ,” ಎಂದಳು ಅವಳು.

ಅವನು ನೋಡಿದ. ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದ. ಸಾಹೇಬರು ಅಯ್ಯೋ ಎನ್ನುತ್ತ ಓಡಿ ಬಂದು, ಮರದ ಸಮೇತ ಅವನನ್ನು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದರು. ಮೊಳೆ ಕಿತ್ತು, ಹೊಲಿಗೆ ಹಾಕಿ, ಇಂಜೆಕ್ಷನ್ ಕೊಟ್ಟರು. ಮರಗಟ್ಟಿಸುವ ಔಷಧಿಯೇ ಬೇಕಾಗಲಿಲ್ಲ. ಮಾತ್ರೆ ಬರುವವರೆಗೆ ನಾಗರಾಜ, ಹರ್ಷಿತ ಇಬ್ಬರೂ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತರು.

“ಒಂಚೂರೂ ನೋವಾಗ್ನಿಲ್ವಾ?”

“ಇಲ್ಲ ಕಣವ್ವ.”

ಹರ್ಷಿತ ಇದುವರೆಗೆ ಯಾರನ್ನೂ ಕೇಳದಿದ್ದುದನ್ನು ಕೇಳಿದಳು. “ಅವ್ರಿಗೂ ಇಂಗೇ ಏನೂ ಗೊತ್ತಾಗ್ನಿಲ್ವಾ, ಅವತ್ತು? ಎಲ್ರೂ ಅಂಗೇ ಯೋಳ್ತಾರೆ.”

ಇಲ್ಲ ಎಂದುಬಿಡುವುದು ಸುಲಭವಾಗಿತ್ತು. ನಾಗರಾಜ ಕೈಗೆ ಸುತ್ತಿದ ಬಟ್ಟೆಯನ್ನೇ ನೋಡುತ್ತ ಹೇಳಿದ.

“ಗೊತ್ತಾಯ್ತು ಕಣವ್ವ. ಒಸಿ ಹೊತ್ತು ಜೀವ ಇತ್ತು. ನಿನ್ ಎಸ್ರು ಯೋಳ್ದ. ನನ್ ಕೈ ಇಡ್ಕಂಡಿದ್ದ. ಈ ಕೈಯ. ಇಡ್ಕಂಡಿರದು ಕಣ್ಗೆ ಕಾಣ್ತಿತ್ತು. ಗಟ್ಟಿಯಾಗಿ ಇಡ್ಕಂಡವ್ನೋ, ಬುಟ್ಟವ್ನೋ, ನಂಗೆ ಗೊತ್ತೇ ಆಗ್ನಿಲ್ಲ.”

ಹರ್ಷಿತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಬಹಳ ಹೊತ್ತು ಅತ್ತಳು. ಔಷಧಿ ಚೀಟಿ ಹಿಡಿದು ಹೋಗುತ್ತಿದ್ದವರು ಒಮ್ಮೆ ತಿರುಗಿ ನೋಡಿ ಮುಂದೆ ಹೋದರು. ನಾಗರಾಜನಿಗೆ ಅಳು ಬರಲಿಲ್ಲ. ಅವಳ ಅಳು ನಿಲ್ಲುವವರೆಗೆ ಪಕ್ಕದಲ್ಲೇ ಕೂತಿದ್ದ.

ಊರಿಗೆ ಹೋಗುವ ಬಸ್ಸು ಬಂದರೂ ಹರ್ಷಿತ ಹತ್ತಲಿಲ್ಲ. ಮುಖ ತೊಳೆದುಕೊಂಡು ಮತ್ತೆ ಅಂಗಡಿಗೆ ನಡೆದಳು. ನಾಗರಾಜ ಹಿಂದೆ ಹೋದ. ಇವರಿಗೆ ಗನ್ನು ಕೊಡಲು ಅಫ್ಸರ್ ಸಾಹೇಬರು ಮೊದಲು ಒಪ್ಪಲೇ ಇಲ್ಲ. ಹರ್ಷಿತ ಬ್ಯಾಟರಿಯದನ್ನು ಎರಡೂ ಕೈಯಲ್ಲಿ ಎತ್ತಿ, ತೂಕ ನೋಡಿದಳು. ತುಂಡುಗಳನ್ನು ಕ್ಲ್ಯಾಂಪಿನಲ್ಲಿ ಬಿಗಿಸಿಕೊಡಿ ಎಂದಳು. ಮೊದಲನೆಯ ಮೊಳೆ ಓರೆಯಾಯಿತು, ಆಮೇಲಿನವು ನೆಟ್ಟಗೆ ಹೋದವು.

“ಇದೇ ಇರ್ಲಿ ಭಾವ,” ಎಂದಳು. “ನೀನು ಅಳತೆ ಹಾಕು, ಗುರುತು ಮಾಡು. ಹೊಡಿಯದು ನಾನು.”

ಮನೆಯಲ್ಲಿ ಪುಟ್ಟಲಕ್ಷ್ಮಮ್ಮ ಕೈಯ ಬಟ್ಟೆಯನ್ನೂ ಗನ್ನಿನ ಪೆಟ್ಟಿಗೆಯನ್ನೂ ನೋಡಿದಳು. ಸೊಸೆ ಗಂಡಸರ ಕೆಲಸಕ್ಕೆ ಪರವೂರಿಗೆ ಹೋಗುವುದೇ ಎಂದು ಅಂದು ರಾತ್ರಿ ಗೊಣಗಿದಳು. ಬೆಳಿಗ್ಗೆ ಇಬ್ಬರಿಗೂ ಬುತ್ತಿ ಕಟ್ಟಿಕೊಟ್ಟಳು.

ಜವರಯ್ಯನವರ ಹುಳು ಮನೆಯಲ್ಲಿ ಕೆಲಸ ನಿಧಾನವಾಗಿ ಸಾಗಿತು. ನಾಗರಾಜ ಬಲಗೈಯಲ್ಲಿ ಗೆರೆ ಎಳೆದು, ಕ್ಲ್ಯಾಂಪು ಬಿಗಿದು, ದೂರ ಸರಿಯುವನು. ಅವನು ಸರಿದದ್ದನ್ನು ಕಣ್ಣಲ್ಲಿ ನೋಡಿದ ಮೇಲೆಯೇ ಹರ್ಷಿತ ಮೂತಿಯನ್ನು ಮರಕ್ಕೆ ಒತ್ತುವಳು. ಬ್ಯಾಟರಿ ಚಾರ್ಜಿಗೆ ಹಾಕಿದಾಗ ಇಬ್ಬರೂ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕೂರುವರು. ಆಗ ಅವಳು ಗಂಡನ ವಿಷಯ ಏನಾದರೊಂದು ಕೇಳುವಳು: ಚಿಕ್ಕಂದಿನಲ್ಲಿ ಹೇಗಿದ್ದರು, ಉಳಿ ಹಿಡಿಯುವುದನ್ನು ಯಾರು ಕಲಿಸಿದರು. ನಾಗರಾಜ ನೆನಪಿದ್ದಷ್ಟು ಹೇಳುವನು. ಎಡಗೈ ಹಾಗೆಯೇ ಇತ್ತು. ಸ್ಟ್ಯಾಂಡುಗಳು ಮುಗಿದ ದಿನ ಜವರಯ್ಯ ಒಂದೊಂದನ್ನೂ ಅಲುಗಾಡಿಸಿ ನೋಡಿ, ಬಾಗಿಲಿಗೆ ಜಾಲರಿಯ ಚೌಕಟ್ಟನ್ನೂ ಇವರೇ ಮಾಡಬೇಕೆಂದರು. ಹರ್ಷಿತ ಅಳತೆಯ ಟೇಪು ತೆಗೆದು ಒಂದು ತುದಿಯನ್ನು ನಾಗರಾಜನ ಬಲಗೈಗೆ ಕೊಟ್ಟಳು.