ಒಂದೇ ಚೀಲದ ಊಟ

ನರ್ಸಮ್ಮನಿಗೆ ಹೇಸಿಗೆ ಅನ್ನುವುದೇ ಗೊತ್ತಿಲ್ಲ ಅಂತ ಆಸ್ಪತ್ರೆಯ ಮೂರೂ ಮಹಡಿಯಲ್ಲಿ ಮಾತಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳು ಕಂಡ ಹುಣ್ಣು, ಕೀವು, ವಾಂತಿಯನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಆಸ್ಪತ್ರೆಯೇ ಅದರ ನೆರಳಲ್ಲಿ ಕೂರಬೇಕಾಗುತ್ತಿತ್ತು. ಒಂದು ಕೈಯಲ್ಲಿ ಬೆಡ್‌ಪ್ಯಾನು, ಇನ್ನೊಂದರಲ್ಲಿ ಬನ್ನು ಹಿಡಿದು ವಾರ್ಡು ಸುತ್ತಿದವಳು ಅವಳು. ಅಂಥವಳು ಆ ಶನಿವಾರ ಮಧ್ಯಾಹ್ನ ತಂಗಿಯ ಅಡುಗೆಮನೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿ, ಒಂದೇ ಒಂದು ಸಲ ಮೂಸಿ, ಫ್ರಿಜ್ಜಿನ ಹಿಡಿಕೆ ಹಿಡಿದುಕೊಂಡು ನಿಂತಳು.

"ಏನಿದು?"

"ಊಟ, ಅತ್ತಿಗೆ," ಅಂದ ತಂಗಿಯ ಗಂಡ. ಅವನ ಮುಖ ಮೊದಲ ಮಗು ಹುಟ್ಟಿದವನ ಮುಖದ ಹಾಗೆ ಬೆಳಗುತ್ತಿತ್ತು.

"ಯಾವತ್ತಿಂದು?"

"ನಾಳೆಯಿಂದ ಆರೂ ದಿನದ್ದು. ನಾಲ್ಕೂ ಜನರದ್ದು."

ಅವನು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವವನು. ಹದಿನಾಲ್ಕು ವರ್ಷ ತಕ್ಕಡಿಯ ಮುಂದೆ ಕೂತು ಕೂತು ಅವನಿಗೆ ಜಗತ್ತೆಲ್ಲ ತೂಕವಾಗಿಯೇ ಕಾಣುತ್ತಿತ್ತು. ಮನೆಯವರು ಅವನನ್ನು ಗ್ರಾಂರಾಯ ಅನ್ನುತ್ತಿದ್ದರು. ದೋಣಿ ಪ್ರವಾಸಕ್ಕೆ ಸಾಮಾನು ಕಟ್ಟುವ ಕೆಲಸ ಈ ಸಲ ತನ್ನದು ಅಂತ ಹಟ ಹಿಡಿದು, ಭಾರ ಇಳಿಸಲೆಂದು ಅವನು ಟೂತ್‌ಬ್ರಷ್ಷುಗಳ ಹಿಡಿ ಗರಗಸದಿಂದ ಕತ್ತರಿಸಿದ್ದ, ಚಮಚಗಳಿಗೆ ಡ್ರಿಲ್ ಹಾಕಿ ತೂತು ಕೊರೆದಿದ್ದ. ನಕ್ಷೆಯ ಅಂಚು ಕತ್ತರಿಸುವಾಗ ಅರ್ಧ ನದಿ ಕಸದಬುಟ್ಟಿಗೆ ಹೋಗಿತ್ತು. ಒಳಚಡ್ಡಿಗಳ ಲೇಬಲ್ಲನ್ನೂ ಬಿಟ್ಟಿರಲಿಲ್ಲ. ಅತ್ತಿಗೆಯದನ್ನೂ.

ಊಟದ್ದು ಮಾತ್ರ ಅವನ ಮಹಾಕಾರ್ಯ. ಅನ್ನ, ಬೇಳೆ, ಕೊಚ್ಚಿದ ಮಾಂಸ, ಈರುಳ್ಳಿ, ಬಾಳೆಹಣ್ಣು ಎಲ್ಲವನ್ನೂ ಹದಿನೈದು ದಿನ ಓವನ್ನಿನಲ್ಲಿ ಒಣಗಿಸಿದ್ದ. ಬೀದಿಯ ಕೊನೆಯ ಮನೆಯವರೂ ವಾಸನೆಗೆ ಕಿಟಕಿ ಮುಚ್ಚಿ ಫ್ಯಾನು ಹಾಕಿಕೊಂಡು ಬದುಕಿದ್ದರು. ಒಣಗಿದ್ದನ್ನೆಲ್ಲ ಬೇರೆಬೇರೆ ಪೊಟ್ಟಣ ಕಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನಲವತ್ತೆಂಟು ಪೊಟ್ಟಣದ ಪ್ಲಾಸ್ಟಿಕ್ಕೇ ಮುನ್ನೂರ ಹತ್ತು ಗ್ರಾಂ ಅಂತ ತಕ್ಕಡಿ ಹೇಳಿಬಿಟ್ಟಿತು. ಗ್ರಾಂರಾಯ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದ. ಹಾಲಿನ ಪುಡಿ, ಒಣಮೀನು, ದ್ರಾಕ್ಷಿ, ಮೊಟ್ಟೆಯ ಪುಡಿ, ಸಕ್ಕರೆ, ಬೆಳ್ಳುಳ್ಳಿ. ಮೇಲೆ ಕಾಫಿ ಪುಡಿ.

"ಕಾಫಿನೂನಾ?" ನರ್ಸಮ್ಮನ ದನಿ ಕೀರಲಾಯಿತು.

"ಹೊಟ್ಟೇಲಿ ಹೇಗೂ ಒಂದೇ ಆಗುತ್ತಲ್ಲ ಅತ್ತಿಗೆ. ನಾನು ಸ್ವಲ್ಪ ಮುಂಚೆ ಸೇರಿಸಿದೆ ಅಷ್ಟೆ."

"ಸೇರಿದ ಮೇಲೆ ಹೊಟ್ಟೇಲಿರೋದು ಹೇಗಿರುತ್ತೆ ಅಂತ ನಾನು ದಿನಾ ನೋಡ್ತೀನಪ್ಪಾ. ಬಕೀಟು ಹಿಡಿಯೋಳು ನಾನು!"

ತಂಗಿ ಮೂಗಿಗೆ ಸೆರಗು ಒತ್ತಿಕೊಂಡು ಮೂಲೆಯಲ್ಲಿ ಟೆಂಟಿನ ಗೂಟ ಎಣಿಸುತ್ತಿದ್ದಳು. ಅವಳು ಆಗಲೇ ಸೋತುಹೋಗಿದ್ದಳು. "ಬೈದು ಬೈದು ಗಂಟಲು ಕಟ್ಟಿದೆ ಅಕ್ಕ. ನೀನೇ ಏನಾದ್ರೂ ಮಾಡು."

ಮಾಡುವುದೇನು? ನರ್ಸಮ್ಮನ ಬಾಯಿಗೆ ಹೋದ ವರ್ಷದ ಪ್ರವಾಸದಲ್ಲೇ ಬೀಗ ಬಿದ್ದಿತ್ತು. ನದಿ ಬಂಡೆಗಳ ಮೇಲಿಂದ ಧುಮುಕುವ ಕಡೆಯೆಲ್ಲ ದೋಣಿಯನ್ನೂ ಸಾಮಾನನ್ನೂ ಹೊತ್ತು ಕಾಡಿನಲ್ಲಿ ನಡೆಯಬೇಕು. ಊಟದ ನೀಲಿ ಡ್ರಮ್ಮು ಅವಳ ಬೆನ್ನಿಗೆ ಬಂದಿತ್ತು. ಎರಡನೇ ಜಲಪಾತದ ಹತ್ತಿರ ಅದನ್ನು ಕೆಸರಿಗೆ ಎತ್ತಿಹಾಕಿ, ಗಂಡ, ತಂಗಿ, ಗ್ರಾಂರಾಯ ಮೂವರ ಮುಂದೆಯೂ ಕಿರುಚಿದ್ದಳು: "ಈ ಭಾರಾನ ಅರ್ಧ ಮಾಡೋ ಗಂಡಸು ಯಾವನಾದ್ರೂ ಇದ್ರೆ ಮಾಡಿ ತೋರಿಸಲಿ. ಅವನು ಬಡಿಸಿದ್ದನ್ನ ತಿಂತೀನಿ. ಇಲ್ಲ ಅಂದ್ರೆ ಮನೇಲೇ ಬಿದ್ದಿರ್ತೀನಿ!"

ಗ್ರಾಂರಾಯ ಅರ್ಧ ಅಲ್ಲ, ಕಾಲು ಮಾಡಿದ್ದ. ಈಗ ಅವಳು ತಿನ್ನಬೇಕು, ಇಲ್ಲ ಮನೆಯಲ್ಲಿ ಬಿದ್ದಿರಬೇಕು. ಈ ಆರು ದಿನದ ರಜೆಗಾಗಿ ಅವಳು ವರ್ಷವಿಡೀ ಜೊತೆಯ ನರ್ಸುಗಳೆಲ್ಲರ ರಜಾ ದಿನದ ಡ್ಯೂಟಿ ಮಾಡಿದ್ದಳು. ನೀರಿನ ಮೇಲೆ ಫೋನಿಲ್ಲದೆ, ಗಂಟೆ ಒತ್ತುವ ರೋಗಿಯಿಲ್ಲದೆ ಕೂರುವುದನ್ನು ನೆನೆದುಕೊಂಡೇ ಅವಳು ವಾರ್ಡಿನ ಮೆಟ್ಟಿಲು ಹತ್ತುತ್ತಿದ್ದದ್ದು.

"ಬಡಿಸು," ಅಂದಳು.

ಹಿತ್ತಲಲ್ಲಿ ಸಣ್ಣ ಗ್ಯಾಸ್ ಸ್ಟೌ ಹಚ್ಚಿದರು. ಬಿಸಿನೀರು ಬಿದ್ದದ್ದೇ ತಡ, ಚೀಲದ ಪುಡಿ ಎಚ್ಚರಗೊಂಡಿತು. ಮೊದಲು ಬೂದಿ ಬಣ್ಣ, ಆಮೇಲೆ ಹೆಸರಿಲ್ಲದ ಒಂದು ಬಣ್ಣ. ದ್ರಾಕ್ಷಿಗಳು ಉಬ್ಬಿ ಮೇಲೆ ಬಂದು, ಯಾರದೋ ಕಣ್ಣುಗಳ ಹಾಗೆ ತಿರುಗಿದವು. ಪಕ್ಕದ ಮನೆಯ ಬೆಕ್ಕು ಕಾಂಪೌಂಡಿನ ಮೇಲೆ ಬಂದು, ಮೂಸಿ, ಸತ್ತವರ ಮನೆಗೆ ಬಂದ ಹಾಗೆ ತಲೆ ತಗ್ಗಿಸಿ ಹೊರಟುಹೋಯಿತು.

ನರ್ಸಮ್ಮ ಬಟ್ಟಲು ಹಿಡಿದಳು. ತೂತಿನ ಚಮಚದಿಂದ ಗಂಜಿ ಸೋರಿ ಮೊಣಕೈವರೆಗೂ ಇಳಿಯಿತು. ಮೊದಲ ತುತ್ತಿನಲ್ಲಿ ಬಾಳೆಹಣ್ಣು ಬಂತು, ಅದರ ಬೆನ್ನಿಗೇ ಮೀನು. ಎರಡನೆಯದರಲ್ಲಿ ಬೆಳ್ಳುಳ್ಳಿ ಕಾಫಿ. ಮೂರನೆಯದು ಹಲ್ಲಿಗೆ ಅಂಟಿಕೊಂಡು, ಇಳಿಯಲೂ ಒಲ್ಲದೆ ಹೊರಬರಲೂ ಒಲ್ಲದೆ ಬಾಯೊಳಗೆ ಬಿಡಾರ ಹೂಡಿತು. ಅವಳ ಕಣ್ಣಲ್ಲಿ ನೀರು ಸುರಿಯಿತು, ಕಿವಿಯಲ್ಲಿ ಗಂಟೆ ಬಾರಿಸಿತು, ಹೊಟ್ಟೆ ಒಳಗಿನಿಂದ ಬಾಗಿಲು ಹಾಕಿಕೊಂಡಿತು. ಆದರೂ ಬಟ್ಟಲಿನ ತಳ ಕಾಣಿಸುವವರೆಗೂ ಅವಳು ನಿಲ್ಲಿಸಲಿಲ್ಲ. ಬಟ್ಟಲನ್ನು ಗ್ರಾಂರಾಯನ ಮುಖದ ಮುಂದೆ ಬೋರಲು ಹಿಡಿದು ತೋರಿಸಿದಳು.

"ಹೇಗಿದೆ ಅತ್ತಿಗೆ?"

ಬಾಯಿ ತೆರೆದರೆ ಏನಾಗುತ್ತದೋ ಅಂತ ಅವಳು ಕೈಸನ್ನೆ ಮಾತ್ರ ಮಾಡಿದಳು.

ಅಷ್ಟರಲ್ಲಿ ಅವಳ ಗಂಡ ಬಂದ. ಸಿಟಿ ಬಸ್ಸಿನ ಡ್ರೈವರು, ಬೆಳಗಿನ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದ. ಯಾರನ್ನೂ ಏನೂ ಕೇಳದೆ ಪಾತ್ರೆಯನ್ನೇ ಎಳೆದುಕೊಂಡು ಕೂತು ತಿನ್ನತೊಡಗಿದ. ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಅವನು ತಳ ಕೆರೆದ, ಚಮಚ ನೆಕ್ಕಿದ, ತೇಗಿದ.

"ಇನ್ನೂ ಇದೆಯೇನೇ?" ಅಂದ ಹೆಂಡತಿಗೆ. "ನೀನೇ ಮಾಡಿದ್ದು ತಾನೆ? ಬಾಯಿಗಿಟ್ಟ ತಕ್ಷಣ ಗೊತ್ತಾಯ್ತು. ಅದೇ ಕೈರುಚಿ."



ಇಪ್ಪತ್ತೆರಡು ವರ್ಷದಲ್ಲಿ ತಾನು ಬೇಯಿಸಿದ ಅನ್ನ, ಹುರಿದ ಮೀನು, ರಾತ್ರಿಪಾಳಿ ಮುಗಿಸಿ ಬಂದು ನಿದ್ದೆಗಣ್ಣಿನಲ್ಲಿ ಕಲಸಿದ ಹಿಟ್ಟು ಎಲ್ಲ ಒಂದೇ ಚೀಲಕ್ಕೆ ಬಿದ್ದ ಹಾಗಾಯಿತು ನರ್ಸಮ್ಮನಿಗೆ. ಗಂಜಿಯ ಮೇಲಿದ್ದ ಅಸಹ್ಯವೆಲ್ಲ ಎದ್ದು ಗಂಡನ ಕಡೆ ಹೊರಟಿತ್ತು. ಅವನ ಮೀಸೆಯಲ್ಲಿ ಸಿಕ್ಕಿಕೊಂಡ ದ್ರಾಕ್ಷಿಯನ್ನು ಅವಳು ಹುಣ್ಣು ನೋಡುವ ಹಾಗೆ ನೋಡಿದಳು.

"ನಾನು ಮಾತು ಉಳಿಸಿಕೊಂಡಿದ್ದೀನಿ," ಅಂದಳು ಗ್ರಾಂರಾಯನಿಗೆ. "ಬಡಿಸಿದ್ದನ್ನ ತಿಂದೆ. ಆರು ದಿನ ತಿಂತೀನಿ ಅಂತ ನಾನು ಹೇಳಿಲ್ಲ."

"ಅತ್ತಿಗೆ, ಅದು ಮೋಸ—"

"ಮೋಸಾನೇ. ದೋಣಿ ಎರಡಿವೆ. ಒಂದರಲ್ಲಿ ಷಡ್ಡಕರಿಬ್ಬರೂ ನಿಮ್ಮ ಚೀಲ ಇಟ್ಟುಕೊಂಡು ಬನ್ನಿ. ಇನ್ನೊಂದರಲ್ಲಿ ನಾನು, ನನ್ನ ತಂಗಿ, ನೀಲಿ ಡ್ರಮ್ಮು."

"ಅಕ್ಕ, ಡ್ರಮ್ಮು ಹೊರೋರು ಯಾರು?" ತಂಗಿ ಸೆರಗು ಮೂಗಿನಿಂದ ತೆಗೆದಳು.

"ನಾನೇ. ಈ ಸಲ ಆನೆಮರಿ ತುಂಬಿಸಿದ್ರೂ ಹೊರ್ತೀನಿ."

ಸಂಜೆಯೊಳಗೆ ಅಕ್ಕತಂಗಿಯರು ಎರಡು ಸಲ ಅಂಗಡಿಗೆ ಹೋಗಿಬಂದರು. ಹಸಿ ಈರುಳ್ಳಿ, ಆಲೂಗಡ್ಡೆ, ಒಂದು ಡಜನ್ ನಿಂಬೆಹಣ್ಣು, ಜಾಡಿ ಒಡೆಯದಂತೆ ಟವೆಲ್ಲು ಸುತ್ತಿದ ಉಪ್ಪಿನಕಾಯಿ, ಎರಡು ಕಿಲೋ ತೂಗುವ ಕಬ್ಬಿಣದ ಬಾಣಲೆ. ತೂಕ ನೋಡೋಣ ಅಂತ ಗ್ರಾಂರಾಯ ತಕ್ಕಡಿ ಹಿಡಿದು ಹತ್ತಿರ ಬಂದಾಗ ನರ್ಸಮ್ಮ ಬಾಣಲೆಯ ಹಿಡಿ ಹಿಡಿದುಕೊಂಡಳು. ಅವನು ಅರ್ಥ ಮಾಡಿಕೊಂಡು ಹಿಂದೆ ಸರಿದ.

ಎಲ್ಲವನ್ನೂ ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು ಅವಳು ಅದನ್ನು ಬೆನ್ನಿಗೇರಿಸಿಕೊಂಡಳು. ಪಟ್ಟಿ ಭುಜವನ್ನು ಕಚ್ಚಿತು. ಹಿತ್ತಲಿನ ಸುತ್ತ ಮೂರು ಸುತ್ತು ಹಾಕಿದಳು. ಬಾಯಲ್ಲಿ ಇನ್ನೂ ಮೀನುಕಾಫಿ.

ಗಂಡ ಬಾಗಿಲಿನಲ್ಲಿ ನಿಂತು ತಲೆ ಕೆರೆದುಕೊಂಡ. "ಅಲ್ಲ ಕಣೇ, ನಾನು ಹೊಗಳಿದ್ದಲ್ವಾ?"

"ಹೂಂ," ಅಂದಳು ನರ್ಸಮ್ಮ, ನಿಲ್ಲದೆ. "ಒಂದು ನೆನಪಿಟ್ಟುಕೊಳ್ಳಿ. ಗಾಳಿ ಯಾವ ಕಡೆಗೆ ಬೀಸುತ್ತೆ ನೋಡಿ, ನಮ್ಮಿಂದ ಆ ಕಡೆಗೆ ನಿಮ್ಮ ಟೆಂಟು ಹಾಕಿ. ದೂರ."